ಶಹಾಪುರದ ಬೆಟ್ಟದೊಳಗಿನ ಗಡಿಯಾರ

ಯಾದಗಿರಿ ಜಿಲ್ಲೆಯ ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಹತ್ತಿರ ಹೋದರೆ ಅದೇ ಗ್ರಾನೈಟ್ ಬೆಟ್ಟ ಬರೀ ಹರಳುಗಳ ರಾಶಿ: ಗುಲಾಬಿ ಇಲ್ಲವೆ ಬೂದು ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂತಹ ಬೆಣಚು, ನಡುನಡುವೆ ಕಪ್ಪು ಅಭ್ರಕ. ಹರಳುಗಳು ಇಷ್ಟು ದಪ್ಪವಾಗಬೇಕಾದರೆ ಶಿಲಾಪಾಕ, ಅಂದರೆ ಕರಗಿದ ಬಂಡೆ, ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ತೀರಾ ನಿಧಾನವಾಗಿ ತಣಿಯಬೇಕು. ಇಂದು ನಾವು ಏರಿ ನಿಲ್ಲುವ ತುದಿ ಒಂದು ಕಾಲದ ಪಾತಾಳ. ಮೇಲಿದ್ದ ಬಂಡೆಯನ್ನೆಲ್ಲ ಮಳೆ, ಗಾಳಿ, ಹೊಳೆಗಳು ಸವೆಸಿ ಒಯ್ದಿವೆ.

ಇದರ ವಯಸ್ಸನ್ನು ಹೇಳುವುದು ಮರಳಿನ ಕಣದಷ್ಟೇ ಇರುವ ಜಿರ್ಕಾನ್ ಹರಳು. ರೂಪುಗೊಳ್ಳುವಾಗ ಅದು ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸಕ್ಕೆ ಬಹುಮಟ್ಟಿಗೆ ಕೊಡುವುದಿಲ್ಲ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸ ಹೆಚ್ಚುಕಡಿಮೆ ಎಲ್ಲವೂ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂನಲ್ಲಿ ಎರಡು ಬಗೆ: ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು. ಎರಡರ ಉತ್ತರವೂ ಕೂಡಿಬಂದರೆ ಲೆಕ್ಕವನ್ನು ನಂಬಬಹುದು. ಇಡೀ ಭೂವಿಜ್ಞಾನದಲ್ಲಿ ಇಷ್ಟು ಸುಂದರವಾದ ವಿಧಾನ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ಯಾದಗಿರಿ ಸೇರಿದಂತೆ ಪೂರ್ವ ಧಾರವಾಡ ಶಿಲಾವಲಯ ಎಂಬ ಪುರಾತನ ಭೂಭಾಗದ ಬಹುಪಾಲು ಗ್ರಾನೈಟ್ 270ರಿಂದ 250 ಕೋಟಿ ವರ್ಷ ಹಳೆಯದು. ಹಿಮಾಲಯ ಏಳತೊಡಗಿ ಸುಮಾರು 5 ಕೋಟಿ ವರ್ಷಗಳಷ್ಟೇ ಆಗಿವೆ.

ಹುಟ್ಟಿನ ಕಥೆ ರಾಸಾಯನಿಕ ಗುಣದಲ್ಲಿದೆ. ಭೂಕವಚದ ಕೆಳಗಿನ ಮ್ಯಾಂಟಲ್ ಕರಗಿದರೆ ಸಾಮಾನ್ಯವಾಗಿ ಸಿಗುವುದು ಕಪ್ಪು ಬಸಾಲ್ಟ್. ಅದು ಆಳಕ್ಕಿಳಿದು ಮತ್ತೆ ಭಾಗಶಃ ಕರಗಿದಾಗ ಸೋಡಿಯಂ ಹೆಚ್ಚಿರುವ ಶಿಲೆ, ಆ ಶಿಲೆಯೂ ಕರಗಿದಾಗ ಪೊಟ್ಯಾಸಿಯಂ ಹೆಚ್ಚಿರುವ, ಶೇ. 70ರ ಆಸುಪಾಸು ಸಿಲಿಕಾ ಇರುವ ಗ್ರಾನೈಟ್. ಇಂತಹ ಗ್ರಾನೈಟಿನಲ್ಲಿ ಯುರೋಪಿಯಂ ಎಂಬ ಧಾತು ಸಾಮಾನ್ಯವಾಗಿ ಕಡಿಮೆ. ಅದನ್ನು ಹಿಡಿದಿಟ್ಟುಕೊಳ್ಳುವ ಪ್ಲೇಜಿಯೋಕ್ಲೇಸ್ ಖನಿಜ ಆಳದಲ್ಲೇ ಉಳಿದುಬಿಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ. ಕೆಲವು ಗ್ರಾನೈಟ್‌ಗಳಲ್ಲಿ ಮೆಗ್ನೀಸಿಯಂ, ಕ್ರೋಮಿಯಂ ಹೆಚ್ಚಿರುತ್ತವೆ. ಅಲ್ಲಿ ಮ್ಯಾಂಟಲಿನ ಪಾಕವೂ ನೇರವಾಗಿ ಬೆರೆತಿದೆ.

ಗ್ರಾನೈಟ್ ಸವೆದು ಬಯಲಾದ ನೆಲದ ಮೇಲೆ, ನೂರು ಕೋಟಿ ವರ್ಷಕ್ಕೂ ಹೆಚ್ಚಿನ ಅಂತರದ ಬಳಿಕ, ಸಮುದ್ರ ಬಂತು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿ ಆ ಸಮುದ್ರದ ಸುಣ್ಣಕೆಸರು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಒಂದು ಸ್ತರಭಂಗ (ಬಂಡೆಗಳು ಮುರಿದು ಜರುಗಿದ ಬಿರುಕು) ಈ ಎರಡೂ ಶಿಲೆಗಳನ್ನು ಸೀಳಿದೆ, ಯುರೇನಿಯಂ ಅದಿರು ಸಿಕ್ಕಿದ್ದು ಅಲ್ಲಿಯೇ. ಆಮ್ಲಜನಕವಿರುವ ನೀರು ಗ್ರಾನೈಟಿನ ಯುರೇನಿಯಂ ಅನ್ನು ಕರಗಿಸಿ ಬಿರುಕುಗಳಲ್ಲಿ ಸಾಗಿಸಿತು, ಸಾವಯವ ಪದಾರ್ಥ ಮತ್ತು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದ್ದೆಡೆ ಅದು ಮತ್ತೆ ಗಟ್ಟಿಯಾಗಿ ಕುಳಿತಿತು ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಜಿರ್ಕಾನ್ ಹರಳಿನೊಳಗೆ ಸೆರೆಯಾದ ಯುರೇನಿಯಂ ಮಾತ್ರ ಅಷ್ಟು ಸುಲಭವಾಗಿ ನೀರಿಗೆ ಸಿಗುವುದಿಲ್ಲ.