ಬಿಗ್ ಡೇಟಾದಲ್ಲಿ ಸ್ನಾತಕೋತ್ತರ ಪದವಿ: ಮೊದಲು ಪಠ್ಯಕ್ರಮ ಓದಿ

ಮೇ ತಿಂಗಳು ಬಂತೆಂದರೆ ಪುಣೆಯ ಕನ್ನಡ ಬಳಗದಿಂದ ನನಗೆ ಬರುವ ಫೋನುಗಳ ವಿಷಯ ಹೆಚ್ಚುಕಡಿಮೆ ಒಂದೇ. ಬೆಳಗಾವಿಯಲ್ಲೋ ವಿಜಯಪುರದಲ್ಲೋ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಮುಗಿಸಿದ ಮಗಳನ್ನು ಇಲ್ಲಿ ಬಿಗ್ ಡೇಟಾ ಮತ್ತು ಅನಾಲಿಟಿಕ್ಸ್ ಓದಿಸಬೇಕೆಂದಿದ್ದೇವೆ, ಯಾವ ಕಾಲೇಜು ಒಳ್ಳೆಯದು, "ಪ್ಯಾಕೇಜ್ ಎಷ್ಟ್ ಸಿಗತೈತ್ರಿ ಸರ್" ಎಂಬ ಪ್ರಶ್ನೆಗಳು. ಖರಾಡಿಯ ಕಚೇರಿಯೊಂದರಲ್ಲಿ ದತ್ತಾಂಶ ವಿಶ್ಲೇಷಣೆಯ ತಂಡವನ್ನು ನೋಡಿಕೊಳ್ಳುವ, ಹೊಸಬರ ಸಂದರ್ಶನ ನಡೆಸುವ ನನ್ನ ಉತ್ತರವೂ ಪ್ರತಿ ಸಲ ಒಂದೇ ಆಗಿರುತ್ತದೆ: ಕಾಲೇಜಿನ ಹೆಸರನ್ನೂ ಸಂಬಳದ ಜಾಹೀರಾತನ್ನೂ ಪಕ್ಕಕ್ಕಿಟ್ಟು, ಪಠ್ಯಕ್ರಮದ ಪುಟವನ್ನು ತೆರೆದು, ಸಂಖ್ಯಾಶಾಸ್ತ್ರಕ್ಕೆ ಎಷ್ಟು ಪತ್ರಿಕೆಗಳಿವೆ, ಡೇಟಾಬೇಸ್‌ಗೆ ಎಷ್ಟಿವೆ, ಉಳಿದವು ಬರೀ ಸಾಫ್ಟ್‌ವೇರುಗಳ ಹೆಸರುಗಳೇ ಎಂಬುದನ್ನು ನೋಡಿ. ಹೀಗೆ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ನಿರಾಸೆಯಾಗುವುದು ನನಗೆ ಗೊತ್ತಾಗುತ್ತದೆ. ಆದ್ದರಿಂದ ಕಾರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸಾಫ್ಟ್‌ವೇರುಗಳ ವಿಷಯವನ್ನು ಮೊದಲು ಮುಗಿಸಿಬಿಡೋಣ. ಒಂದೇ ಯಂತ್ರದಲ್ಲಿ ಹಿಡಿಸದಷ್ಟು ದತ್ತಾಂಶವನ್ನು ನೂರಾರು ಸಾಧಾರಣ ಯಂತ್ರಗಳಿಗೆ ಹಂಚಿ ಲೆಕ್ಕ ಮಾಡುವ ವಿಧಾನವನ್ನು ಗೂಗಲ್‌ನ ಎಂಜಿನಿಯರುಗಳು ಮ್ಯಾಪ್‌ರೆಡ್ಯೂಸ್ ಎಂಬ ಹೆಸರಿನಲ್ಲಿ 2004ರಲ್ಲಿ ಪ್ರಕಟಿಸಿದರು. ಅದರ ಜಾಡಿನಲ್ಲಿ 2006ರಲ್ಲಿ ಹಡೂಪ್ ಎಂಬ ತಂತ್ರಾಂಶ ಬಂತು. 2009ರಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸ್ಪಾರ್ಕ್, ಅದೇ ಕೆಲಸವನ್ನು ಆದಷ್ಟೂ ಮೆಮೊರಿಯಲ್ಲೇ ಮಾಡಿ ವೇಗ ಹೆಚ್ಚಿಸಿತು. ಹಡೂಪ್ ಒಂದು ದೊಡ್ಡ ಕಡತವನ್ನು ಸಾಮಾನ್ಯವಾಗಿ 128 ಎಂಬಿಯ ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೆ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಒಂದು ಯಂತ್ರ ಕೆಟ್ಟರೂ ಕೆಲಸ ನಿಲ್ಲಬಾರದೆಂಬುದು ಉದ್ದೇಶ. ಈ ತತ್ತ್ವವನ್ನು ಚೆನ್ನಾಗಿ ಕಲಿಸಲು ಒಂದು ಸೆಮಿಸ್ಟರ್ ಸಾಕು. ನಾಲ್ಕು ಸೆಮಿಸ್ಟರುಗಳಲ್ಲಿ ಮೂರನ್ನು ಹಡೂಪ್, ಹೈವ್, ಪಿಗ್, ಸ್ಕೂಪ್ ಎಂದು ಒಂದೊಂದು ಉಪಕರಣಕ್ಕೂ ಒಂದೊಂದು ಪತ್ರಿಕೆಯಂತೆ ತುಂಬಿದ ಪಠ್ಯಕ್ರಮಗಳನ್ನು ಈಗಲೂ ನೋಡುತ್ತೇನೆ. ಆ ಪಟ್ಟಿಯಲ್ಲಿರುವ ಪಿಗ್ ಮತ್ತು ಸ್ಕೂಪ್‌ಗಳನ್ನು ಇಂದು ಹೊಸ ಕೆಲಸಕ್ಕೆ ಬಳಸುವವರು ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಕಚೇರಿಯಲ್ಲಿ ನಿಜವಾಗಿ ಎದುರಾಗುವ ತೊಡಕು ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ಸಾಲದ ಅರ್ಜಿಗಳ ಒಂದು ಟೇಬಲ್ ಇದೆ, ಗ್ರಾಹಕರ ವಿವರಗಳ ಇನ್ನೊಂದು ಟೇಬಲ್ ಇದೆ, ಎರಡನ್ನೂ ಮೊಬೈಲ್ ಸಂಖ್ಯೆಯ ಆಧಾರದ ಮೇಲೆ ಜೋಡಿಸಬೇಕಾಗಿದೆ. ಹೀಗೆ ಜೋಡಿಸುವಾಗ ಸ್ಪಾರ್ಕ್ ಒಂದೇ ಸಂಖ್ಯೆಯಿರುವ ಸಾಲುಗಳನ್ನೆಲ್ಲ ಒಂದೇ ಕಡೆಗೆ ಕಳುಹಿಸುತ್ತದೆ. ನಾವು ಬೇರೆ ಹೇಳದಿದ್ದರೆ ಕೆಲಸವನ್ನು 200 ಭಾಗಗಳಾಗಿ ಹಂಚಿಕೊಳ್ಳುತ್ತದೆ. ಕೆಲಸ ಶುರುವಾದ ಕೆಲವೇ ನಿಮಿಷಗಳಲ್ಲಿ 199 ಭಾಗಗಳು ಮುಗಿದು, ಉಳಿದ ಒಂದು ಭಾಗ ಮಾತ್ರ ಮಧ್ಯಾಹ್ನದ ಊಟದ ಹೊತ್ತಾದರೂ ಓಡುತ್ತಲೇ ಇರುತ್ತದೆ. ಹೊಸದಾಗಿ ಸೇರಿದವರು ಇಲ್ಲಿ ಸಾಮಾನ್ಯವಾಗಿ ಕೇಳುವುದು ಇನ್ನಷ್ಟು ಯಂತ್ರಗಳನ್ನು. ಯಂತ್ರ ಹೆಚ್ಚಿಸಿದರೆ ಏನೂ ಆಗದು, ಏಕೆಂದರೆ ತೊಂದರೆ ಇರುವುದು ಒಂದೇ ಕಡೆ ಬಂದು ಬಿದ್ದ ಸಾಲುಗಳಲ್ಲಿ. ಆ ಭಾಗವನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದು 9999999999 ಎಂಬ ಮೊಬೈಲ್ ಸಂಖ್ಯೆ. ಅರ್ಜಿ ತುಂಬಿಸಿಕೊಳ್ಳುವ ತಂತ್ರಾಂಶವು ಮೊಬೈಲ್ ಸಂಖ್ಯೆಯ ಖಾನೆಯನ್ನು ಖಾಲಿ ಬಿಡಲು ಒಪ್ಪದ ಕಾರಣ, ಫೋನ್ ಇಲ್ಲದ ಅಥವಾ ಸಂಖ್ಯೆ ಹೇಳಲು ಇಷ್ಟಪಡದ ಗ್ರಾಹಕ ಬಂದಾಗಲೆಲ್ಲ ಕೌಂಟರಿನ ಗುಮಾಸ್ತ ಹತ್ತು ಒಂಬತ್ತುಗಳನ್ನು ಒತ್ತಿ ಕಾದು ನಿಂತವರ ಸರದಿಯನ್ನು ಮುಂದೆ ಸಾಗಿಸಿದ್ದಾನೆ. ಅವನ ತಪ್ಪೆಂದು ನಾನಂತೂ ಹೇಳಲಾರೆ.

ಆದರೆ ಪರಿಣಾಮವನ್ನು ಲೆಕ್ಕ ಹಾಕಿ. ಒಂದು ಟೇಬಲ್‌ನಲ್ಲಿ ಇಂಥ 10,000 ಸಾಲುಗಳು, ಇನ್ನೊಂದರಲ್ಲಿ 5,000 ಸಾಲುಗಳು ಇದ್ದವೆಂದರೆ, ಪ್ರತಿಯೊಂದೂ ಪ್ರತಿಯೊಂದರ ಜೊತೆ ಜೋಡಿಯಾಗಿ 5 ಕೋಟಿ ಸುಳ್ಳು ಸಾಲುಗಳು ಹುಟ್ಟುತ್ತವೆ. 2020ರಲ್ಲಿ ಬಂದ ಸ್ಪಾರ್ಕ್‌ನ ಮೂರನೆಯ ಆವೃತ್ತಿಯಿಂದ ಈಚೆಗೆ, ಹೀಗೆ ಒಂದೇ ಕಡೆ ಗುಡ್ಡೆಯಾದ ಕೆಲಸವನ್ನು ತಂತ್ರಾಂಶವೇ ಗುರುತಿಸಿ ಒಡೆದು ಹಂಚಬಲ್ಲದು. ಅದರಿಂದ ಆಗುವುದಿಷ್ಟೇ: ಆ 5 ಕೋಟಿ ಸುಳ್ಳು ಸಾಲುಗಳು ಬೇಗ ತಯಾರಾಗುತ್ತವೆ. ವರದಿಯಲ್ಲಿ ಸಾಲದ ಒಟ್ಟು ಮೊತ್ತ ಆಕಾಶಕ್ಕೇರಿದರೆ ಯಾರಾದರೂ ಗಮನಿಸಿಯಾರು. ಸ್ವಲ್ಪವೇ ಏರಿದರೆ ಯಾರೂ ಗಮನಿಸದೆ ಅದರ ಮೇಲೆ ತೀರ್ಮಾನಗಳು ಆಗಿಹೋಗುತ್ತವೆ. ದತ್ತಾಂಶ ಎಲ್ಲಿ, ಯಾರ ಕೈಯಲ್ಲಿ, ಯಾವ ಒತ್ತಡದಲ್ಲಿ ಹುಟ್ಟಿತು ಎಂದು ಕೇಳುವ ಅಭ್ಯಾಸವನ್ನು ಪದವಿಯೊಂದು ಕಲಿಸಿದೆಯೋ ಇಲ್ಲವೋ ಎಂಬುದನ್ನೇ ನಾನು ಸಂದರ್ಶನದಲ್ಲಿ ಹುಡುಕುವುದು.

ಹೆಸರುಗಳದ್ದೂ ಇದೇ ಕತೆ. ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇಲ್ಲಿನ ಅರ್ಜಿಗಳಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆಗಳಿರುತ್ತವೆ. ಧಾರವಾಡ, ಬೆಳಗಾವಿ ಕಡೆಯವರಿಗೆ ಅದು ಸರಿಹೋಗುತ್ತದೆ. ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ಹಾಸನದ ಮಂಜುನಾಥ ಮಾತ್ರ ಒಂದು ಬ್ಯಾಂಕಿನಲ್ಲಿ ಎಚ್. ಎಸ್. ಮಂಜುನಾಥನಾಗಿ, ಇನ್ನೊಂದರಲ್ಲಿ ಮಂಜುನಾಥ ಹಾಸನ ಆಗಿ, ಗ್ಯಾಸ್ ಸಂಪರ್ಕದಲ್ಲಿ ಖಾನೆ ಖಾಲಿ ಬಿಡುವಂತಿಲ್ಲವೆಂದು ಮಂಜುನಾಥ ಮಂಜುನಾಥನಾಗಿ ದಾಖಲಾಗುತ್ತಾನೆ. ಈ ಮೂವರೂ ಒಬ್ಬನೇ ಎಂದು ಯಂತ್ರಕ್ಕೆ ತಿಳಿಸುವುದೇ ಒಂದು ಶಾಸ್ತ್ರ, ಮತ್ತು ನಮ್ಮ ವೃತ್ತಿಯಲ್ಲಿ ಸಮಯದ ದೊಡ್ಡ ಪಾಲು ಹೋಗುವುದು ಇಂಥದ್ದಕ್ಕೇ. ದತ್ತಾಂಶದ ಶುದ್ಧೀಕರಣವನ್ನು ಒಂದು ಪೂರ್ಣ ಪತ್ರಿಕೆಯಾಗಿ ಕಲಿಸುವ ಕಾಲೇಜು ಸಿಕ್ಕರೆ ಅದನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ.

ಸಂಖ್ಯಾಶಾಸ್ತ್ರದ ಮಾತಿಗೆ ಬರುತ್ತೇನೆ. ಬಹುತೇಕ ಅಭ್ಯರ್ಥಿಗಳು ತಮ್ಮ ಬಯೋಡೇಟಾದಲ್ಲಿ ಆನ್‌ಲೈನ್ ಹಣ ಪಾವತಿಯಲ್ಲಿನ ಮೋಸವನ್ನು ಪತ್ತೆ ಹಚ್ಚುವ ಪ್ರಾಜೆಕ್ಟ್ ಒಂದನ್ನು ಬರೆದು, ನಿಖರತೆ ಶೇ. 99.9 ಎಂದು ದಪ್ಪ ಅಕ್ಷರದಲ್ಲಿ ನಮೂದಿಸಿರುತ್ತಾರೆ. ಆಗ ನಾನು ಕಾಗದ, ಪೆನ್ನು ಕೊಟ್ಟು ಒಂದು ಲೆಕ್ಕ ಕೇಳುತ್ತೇನೆ. 1 ಲಕ್ಷ ವಹಿವಾಟುಗಳಲ್ಲಿ 100 ಮಾತ್ರ ಮೋಸದವು ಎಂದುಕೊಳ್ಳಿ. ಏನನ್ನೂ ನೋಡದೆ ಎಲ್ಲವನ್ನೂ ಸಾಚಾ ಎಂದು ಹೇಳುವ, ಮಾಡೆಲ್ ಎಂದು ಕರೆಯುವ ಊಹೆಯ ಸೂತ್ರ ಒಂದಿದೆ. ಆ ಮಾಡೆಲ್‌ನ ನಿಖರತೆ ಎಷ್ಟು? ಶೇ. 99.9. ಈಗ ನಿಜವಾಗಿ ಕೆಲಸ ಮಾಡುವ ಇನ್ನೊಂದು ಮಾಡೆಲ್ ಇದೆ. ಅದು 100 ಮೋಸಗಳಲ್ಲಿ 90ನ್ನು ಹಿಡಿಯುತ್ತದೆ, ಆದರೆ ಸಾಚಾ ವಹಿವಾಟುಗಳಲ್ಲಿ ಶೇ. 1ರಷ್ಟನ್ನು ತಪ್ಪಾಗಿ ಅನುಮಾನಿಸುತ್ತದೆ. ಅಂದರೆ 99,900ರಲ್ಲಿ 999 ಸುಳ್ಳು ಎಚ್ಚರಿಕೆಗಳು. ಒಟ್ಟು 1,089 ಎಚ್ಚರಿಕೆಗಳಲ್ಲಿ ನಿಜವಾದವು 90, ಅಂದರೆ ಶೇ. 8ಕ್ಕಿಂತ ತುಸು ಹೆಚ್ಚು. ಇದರ ನಿಖರತೆ ಶೇ. 98.99, ಏನೂ ಮಾಡದ ಮಾಡೆಲ್‌ಗಿಂತ ಕಡಿಮೆ! ಹಾಗಾದರೆ ಯಾವುದನ್ನು ಆರಿಸುತ್ತೀರಿ, ದಿನಕ್ಕೆ ಎಷ್ಟು ಎಚ್ಚರಿಕೆಗಳನ್ನು ಪರಿಶೀಲಿಸುವಷ್ಟು ಸಿಬ್ಬಂದಿ ಇದ್ದಾರೆ, ಸಾಚಾ ಗ್ರಾಹಕನ ಕಾರ್ಡನ್ನು ಅಂಗಡಿಯ ಮುಂದೆ ತಡೆದರೆ ಆಗುವ ನಷ್ಟವೇನು ಎಂದು ಮಾತು ಮುಂದುವರಿಯುತ್ತದೆ. ಇದಕ್ಕೆ ಬೇಕಾದದ್ದು ಪಿಯುಸಿಯ ಸಂಭವನೀಯತೆಯ ಅಧ್ಯಾಯ ಮಾತ್ರ. ಎರಡು ವರ್ಷದ ಸ್ನಾತಕೋತ್ತರ ಪದವಿ ಮುಗಿಸಿ ಹತ್ತಾರು ಬಗೆಯ ಮಾಡೆಲ್‌ಗಳನ್ನು ಓಡಿಸಿ ಬಂದವರು ಇಲ್ಲಿ ತಡವರಿಸಿದರೆ, ದೋಷ ವಿದ್ಯಾರ್ಥಿಯದ್ದೆನ್ನುವುದಕ್ಕಿಂತ ಪಠ್ಯಕ್ರಮದ್ದೆಂದೇ ನಾನು ತಿಳಿಯುತ್ತೇನೆ.

ದತ್ತಾಂಶ ದೊಡ್ಡದಿದ್ದರೆ ಇಂಥ ತಪ್ಪುಗಳು ತಾವಾಗಿಯೇ ಸರಿಹೋಗುತ್ತವೆ ಎಂಬ ನಂಬಿಕೆಯೂ ಇದೆ. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಜನರಿಗೆ ಮತಪತ್ರದಂಥ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ರಿಪಬ್ಲಿಕನ್ ಪಕ್ಷದ ಲ್ಯಾಂಡನ್ ಗೆಲ್ಲುತ್ತಾರೆಂದು ಘೋಷಿಸಿತು. ಆಗಿನ 48 ರಾಜ್ಯಗಳಲ್ಲಿ 46ನ್ನು ಗೆದ್ದವರು ಅವರ ಎದುರಾಳಿ ರೂಸ್‌ವೆಲ್ಟ್. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ ತೆಗೆದುಕೊಂಡಿದ್ದರಿಂದ ಬಡವರು ಲೆಕ್ಕದಿಂದ ಹೊರಗುಳಿದಿದ್ದರು. ಜೊತೆಗೆ, ಉತ್ತರಿಸುವ ಉತ್ಸಾಹ ಎರಡೂ ಪಕ್ಷದವರಲ್ಲಿ ಸಮನಾಗಿರಲಿಲ್ಲ. ಅದೇ ಚುನಾವಣೆಯನ್ನು ಜಾರ್ಜ್ ಗ್ಯಾಲಪ್ ಬಹಳ ಚಿಕ್ಕ ಮಾದರಿ ಸಮೀಕ್ಷೆಯಿಂದ ಸರಿಯಾಗಿ ಊಹಿಸಿದ್ದರು. ಅಷ್ಟು ಹಿಂದಕ್ಕೆ ಹೋಗುವುದು ಬೇಡವೆನ್ನುವವರು ಗೂಗಲ್ ಫ್ಲೂ ಟ್ರೆಂಡ್ಸ್ ಬಗ್ಗೆ ಓದಬಹುದು. ಜನರು ಹುಡುಕುವ ಪದಗಳಿಂದ ಫ್ಲೂ ಜ್ವರದ ಪ್ರಮಾಣವನ್ನು ಅಂದಾಜು ಮಾಡಲು 2008ರಲ್ಲಿ ಶುರುವಾದ ಅದು, ಮುಂದೆ ನಿಜಕ್ಕಿಂತ ಬಹಳ ಹೆಚ್ಚಿನ ಅಂಕಿಗಳನ್ನು ಕೊಡತೊಡಗಿ 2015ರಲ್ಲಿ ನಿಂತಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಭಾಗದ ಆಯ್ಕೆಗಳನ್ನು ನೋಡೋಣ. ನನ್ನ ಮೊದಲ ಶಿಫಾರಸು ಹಲವರಿಗೆ ಹಳೆಯದೆನಿಸುತ್ತದೆ: ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದ ಎಂಎಸ್ಸಿಯಂಥ ಪದವಿ, ಜೊತೆಗೆ ಸ್ವಂತ ಶ್ರಮದಿಂದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಮತ್ತು ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್. ಗಣಿತ ಗಟ್ಟಿಯಿರುವ ಎಂಜಿನಿಯರಿಂಗ್ ಪದವೀಧರರು ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2024ರಿಂದ ಆರಂಭವಾಗಿರುವ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆಯನ್ನು ಬರೆಯಬಹುದು. ಪೊವಾಯಿಯ ಐಐಟಿ ಬಾಂಬೆಯಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯವಹಾರದ ಕಡೆಗೆ ಒಲವಿರುವವರಿಗೆ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಬಿಗ್ ಡೇಟಾ ಅನಾಲಿಟಿಕ್ಸ್‌ನಲ್ಲಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ನಡೆಸುತ್ತದೆ. ಬೇಗ ಕೆಲಸಕ್ಕೆ ಸೇರಲೇಬೇಕಾದವರಿಗೆ ಸಿ-ಡ್ಯಾಕ್‌ನ ಸುಮಾರು ಆರು ತಿಂಗಳ ಸ್ನಾತಕೋತ್ತರ ಡಿಪ್ಲೊಮಾ ಇದೆ. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರನ್ನು ಕಟ್ಟಿದ ಸಂಸ್ಥೆಯದು. ಪ್ರವೇಶಕ್ಕೆ ಸಿ-ಕ್ಯಾಟ್ ಪರೀಕ್ಷೆ ಬರೆಯಬೇಕು. ಬೆಳಗಿನಿಂದ ಸಂಜೆಯವರೆಗೆ ತರಗತಿ, ಲ್ಯಾಬು ಇರುವ ಈ ಡಿಪ್ಲೊಮಾವನ್ನು ನೌಕರಿಯ ಜೊತೆಜೊತೆಗೆ ಓದುತ್ತೇನೆನ್ನುವುದು ಆಗದ ಮಾತು. ಡಿಪ್ಲೊಮಾ ಪದವಿಯಲ್ಲ ಎಂಬುದನ್ನೂ ಮರೆಯಬಾರದು. ಮುಂದೆ ಪಿಎಚ್‌ಡಿ ಅಥವಾ ಕಾಲೇಜಿನಲ್ಲಿ ಅಧ್ಯಾಪನದ ಯೋಚನೆ ಇದ್ದರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯೇ ಬೇಕಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ತಂದೆತಾಯಿಗಳು ಇಂಗ್ಲಿಷಿನ ಬಗ್ಗೆ ಅಳುಕುವುದುಂಟು. ಈ ವಿಷಯದಲ್ಲಿ ಭಾಷೆಯ ತೊಡಕು ಒಂದು ಸೆಮಿಸ್ಟರಿನಲ್ಲಿ ಕಳೆಯುತ್ತದೆ, ಗಣಿತದ ತೊಡಕು ಹಾಗೆ ಕಳೆಯುವುದಿಲ್ಲ. ಸೇರುವ ಮುಂಚೆಯೇ ರೇಖೀಯ ಬೀಜಗಣಿತವನ್ನೂ ಸಂಭವನೀಯತೆಯನ್ನೂ ಐಐಟಿಗಳ ಆನ್‌ಲೈನ್ ಪಾಠಮಾಲೆಯಾದ ಎನ್‌ಪಿಟಿಇಎಲ್‌ನ ಉಚಿತ ಪಾಠಗಳಲ್ಲಿ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಪ್ರಾಜೆಕ್ಟ್ ಬಗ್ಗೆ ಒಂದೆರಡು ಮಾತು. ಕಂಪನಿಗಳು ಗ್ರಾಹಕರ ನಿಜವಾದ ದತ್ತಾಂಶವನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ಮೊದಲೇ ಹಿಂಜರಿಯುತ್ತಿದ್ದವು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದ ಮೇಲೆ ಇನ್ನಷ್ಟು ಹಿಂಜರಿಯುತ್ತವೆ. ಹೀಗಾಗಿ ಎಲ್ಲರೂ ಅಂತರ್ಜಾಲದಲ್ಲಿ ಸಿಗುವ, ಯಾರೋ ಆಗಲೇ ತೊಳೆದು ಒಣಗಿಸಿಟ್ಟ ಅದೇ ನಾಲ್ಕು ಕಡತಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಾರೆ. ಇದಕ್ಕಿಂತ ಎಷ್ಟೋ ಒಳ್ಳೆಯ ಸಾಮಗ್ರಿ ನಮ್ಮ ಹತ್ತಿರದಲ್ಲೇ ತಯಾರಾಗುತ್ತದೆ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1992–93ರಿಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸುತ್ತಿದೆ. 2019–21ರ ಐದನೆಯ ಸುತ್ತಿನಲ್ಲಿ 6.36 ಲಕ್ಷ ಮನೆಗಳ ಮಾಹಿತಿ ಇದೆ, ಮತ್ತು ನೋಂದಣಿ ಮಾಡಿ ಉದ್ದೇಶ ತಿಳಿಸಿದರೆ ಹೆಸರು, ವಿಳಾಸ ತೆಗೆದುಹಾಕಿದ ಮೂಲ ದತ್ತಾಂಶ ವಿದ್ಯಾರ್ಥಿಗಳಿಗೂ ಸಿಗುತ್ತದೆ. ಗಾತ್ರದಲ್ಲಿ ಇದು ಬಿಗ್ ಡೇಟಾ ಅಲ್ಲ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೂರುತ್ತದೆ. ಕಲಿಯುವವರಿಗೆ ಅದೇ ಅನುಕೂಲ.

ಪ್ರವೇಶಕ್ಕೆ ಇನ್ನೂ ಒಂದೆರಡು ತಿಂಗಳಿರುವವರು ಈ ಅಭ್ಯಾಸವನ್ನು ಮಾಡಿ ನೋಡಬಹುದು. ಆ ಸಮೀಕ್ಷೆಯ ಮಹಾರಾಷ್ಟ್ರದ ವರದಿಯಲ್ಲಿ ಅಚ್ಚಾಗಿರುವ ಯಾವುದಾದರೂ ಒಂದು ಅಂಕಿಯನ್ನು, ಹೇಳುವುದಾದರೆ ರಕ್ತಹೀನತೆ ಇರುವ ಮಹಿಳೆಯರ ಶೇಕಡಾವಾರನ್ನು, ಮೂಲ ದತ್ತಾಂಶದಿಂದ ನೀವೇ ಲೆಕ್ಕ ಹಾಕಿ. ಮೊದಲ ಸಲ ಸಾಮಾನ್ಯವಾಗಿ ಉತ್ತರ ಹೊಂದುವುದಿಲ್ಲ. ಅದಕ್ಕೊಂದು ಕಾರಣವಿದೆ. 2011ರ ಜನಗಣತಿಯಂತೆ ಪುಣೆ ಜಿಲ್ಲೆಯ ಜನಸಂಖ್ಯೆ ಸಿಂಧುದುರ್ಗದ ಹನ್ನೊಂದು ಪಟ್ಟು. ಆದರೆ ಪ್ರತಿ ಜಿಲ್ಲೆಗೂ ಪ್ರತ್ಯೇಕ ಅಂದಾಜು ಬೇಕಾದ್ದರಿಂದ ಸಮೀಕ್ಷೆಗೆ ಆರಿಸಿದ ಮನೆಗಳ ಸಂಖ್ಯೆ ಆ ಪ್ರಮಾಣದಲ್ಲಿ ಇರುವುದಿಲ್ಲ. ಈ ಅಸಮತೆಯನ್ನು ಸರಿದೂಗಿಸಲು ಪ್ರತಿ ಸಾಲಿಗೂ ಒಂದು ತೂಕವನ್ನು ಕೊಟ್ಟಿರುತ್ತಾರೆ. ಆ ಕಾಲಂ ಯಾವುದು, ಅದನ್ನು ಎಷ್ಟರಿಂದ ಭಾಗಿಸಬೇಕು, ಗರ್ಭಿಣಿಯರಿಗೆ ರಕ್ತಹೀನತೆಯ ಅಳತೆ ಬೇರೆಯೇ ಇರುವುದನ್ನು ಎಲ್ಲಿ ಬರೆದಿದ್ದಾರೆ ಎಂಬುದೆಲ್ಲ ದತ್ತಾಂಶದ ಜೊತೆ ಬರುವ ಕೈಪಿಡಿಯಲ್ಲಿದೆ. ನಿಮ್ಮ ಅಂಕಿ ಅಚ್ಚಾದ ಅಂಕಿಗೆ ದಶಮಾಂಶದವರೆಗೆ ಹೊಂದಿದ ಮೇಲೆ, ಅದನ್ನು ಹೇಗೆ ಮಾಡಿದಿರಿ ಎಂಬ ಎರಡು ಪುಟದ ಟಿಪ್ಪಣಿಯನ್ನು ಬರೆದಿಟ್ಟುಕೊಳ್ಳಿ. ಪ್ರವೇಶದ ಸಂದರ್ಶನಕ್ಕೂ, ಎರಡು ವರ್ಷದ ನಂತರ ನನ್ನಂಥವರು ಮಾಡುವ ಕೆಲಸದ ಸಂದರ್ಶನಕ್ಕೂ ಅದನ್ನು ತರಬಹುದು.