ಕೊಆಲಾ ಯೋಜನೆಗೆ ಬೇಕಾದ ಪತ್ರ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀಲಗಿರಿ ಎಂದರೆ ನೆಲದ ನೀರು ಕುಡಿದ ಮರ. ಅದನ್ನು ಹೊಸದಾಗಿ ನೆಡಬಾರದೆಂದು ಕರ್ನಾಟಕ ಸರ್ಕಾರ 2017ರಲ್ಲಿ ಆದೇಶ ಮಾಡಿತು. ನಂದಿಬೆಟ್ಟದಿಂದ ಹಬ್ಬಿ ‘ಮೈಸೂರು ಗಮ್’ ಎನಿಸಿಕೊಂಡ ಈ ಮರದ ಮೂಲ ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಅದನ್ನು ಫಾರೆಸ್ಟ್ ರೆಡ್ ಗಮ್ ಎನ್ನುತ್ತಾರೆ. ನೀಲಗಿರಿ ಎಲೆ ತಿಂದು ಮರದ ಮೇಲೇ ಬದುಕುವ ಕೊಆಲಾ ಎಂಬ ಪ್ರಾಣಿಗಳಿಗೆ ಅದು ಅನ್ನದ ಮರ. ರಜೆಗೆ ಊರಿಗೆ ಹೋದಾಗ ದೊಡ್ಡಪ್ಪ, “ನೀಲಗಿರಿ ಉಳಿಸೋಕೆ ಸಂಬಳ ಕೊಡ್ತಾರೇನೋ ನಿಂಗೆ?” ಎಂದು ಕೇಳುತ್ತಾರೆ. ಕೊಡುತ್ತಾರೆ, ದೊಡ್ಡಪ್ಪ.

ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ಕರಾವಳಿಯ ಕೌನ್ಸಿಲ್‌ಗಳಿಗೆ, ಅಂದರೆ ಸ್ಥಳೀಯ ಆಡಳಿತಗಳಿಗೆ, ಕೊಆಲಾ ನೆಲೆಗಳ ನಕ್ಷೆ ಮಾಡಿಕೊಡುವುದು ನನ್ನ ವೃತ್ತಿ. ದಿನಕ್ಕೆ 20 ಗಂಟೆಯವರೆಗೂ ಮರದ ಕವಲಿನಲ್ಲಿ ಮುದುರಿ ಮಲಗುವ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ನಾವು ಹುಡುಕುವುದು ಹಿಕ್ಕೆಯನ್ನು. ಒಂದು ಜಾಗದಲ್ಲಿ 30 ಮರ ಆರಿಸಿ, ಒಂದೊಂದರ ಬುಡದ ಸುತ್ತ ಒಂದು ಮೀಟರಿನಷ್ಟು ತರಗೆಲೆ ಸರಿಸಿ ನೋಡುತ್ತೇವೆ. ಎಷ್ಟು ಮರಗಳಡಿ ಹಿಕ್ಕೆ ಸಿಕ್ಕಿತು ಎಂಬುದರ ಮೇಲೆ, ಆ ಜಾಗವನ್ನು ಅವು ಎಷ್ಟು ಬಳಸುತ್ತಿವೆ ಎಂದು ಲೆಕ್ಕ ಹಾಕುತ್ತೇವೆ. ಖಾಸಗಿ ಜಮೀನಿನ ಗೇಟು ತೆರೆಯದಿದ್ದರೆ ನಕ್ಷೆಯಲ್ಲಿ ಅಷ್ಟು ಭಾಗ ಖಾಲಿ. ಊರವರ ಬೆಂಬಲ ಮೊದಲು ಬೇಕಾಗುವುದೇ ಇಲ್ಲಿ.

2022ರ ಫೆಬ್ರವರಿಯಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದ ಕೊಆಲಾಗಳನ್ನು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಆದರೆ ಒಂದು ಮರ ಉಳಿಯುತ್ತದೋ ಉರುಳುತ್ತದೋ ಎಂಬುದು ಬಹಳ ಸಲ ತೀರ್ಮಾನವಾಗುವುದು ಕೌನ್ಸಿಲ್ ಕಚೇರಿಯಲ್ಲಿ, ಲೇಔಟ್ ಅರ್ಜಿಯ ಕಡತದ ಮೇಲೆ. ತನ್ನ ವ್ಯಾಪ್ತಿಯ ಕೊಆಲಾ ನೆಲೆಗಳನ್ನು ಕಾಯಲು ಕೌನ್ಸಿಲ್ ಮಾಡಿಕೊಳ್ಳುವ ಅನುಮೋದಿತ ಕೊಆಲಾ ಯೋಜನೆ ಇಲ್ಲದ ಕಡೆ ರಾಜ್ಯದ ಕೊಆಲಾ ನಿಯಮ ಅನ್ವಯಿಸುವುದು ಕನಿಷ್ಠ ಒಂದು ಹೆಕ್ಟೇರ್ ಇರುವ ಜಮೀನಿಗೆ ಮಾತ್ರ. ಅದಕ್ಕಿಂತ ಚಿಕ್ಕ ನಿವೇಶನದ ಮರಗಳು ಆ ನಿಯಮದ ಕಣ್ಣಿಗೆ ಬೀಳುವುದಿಲ್ಲ. ಯೋಜನೆ ಇದ್ದರೆ ಕೌನ್ಸಿಲ್ ಕೊಡುವ ಪರವಾನಗಿ ಅದಕ್ಕೆ ತಕ್ಕಂತೆ ಇರಬೇಕು. ಕಾಫ್ಸ್ ಹಾರ್ಬರ್ 1999ರಲ್ಲೇ ಇಂಥ ಯೋಜನೆ ಮಾಡಿಕೊಂಡಿತು. ಸಿಡ್ನಿಯ ನೈಋತ್ಯದ ಕ್ಯಾಂಪ್‌ಬೆಲ್‌ಟೌನ್‌ನ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ.

ಕರಡು ಯೋಜನೆ ಸಾಮಾನ್ಯವಾಗಿ ನಾಲ್ಕು ವಾರ ಜನರ ಮುಂದಿರುತ್ತದೆ. ಆಗ ಬರುವ ಪತ್ರಗಳನ್ನು ನಾನು ಒಂದೂ ಬಿಡದೆ ಓದುತ್ತೇನೆ. ಹೆಚ್ಚಿನವು ಒಂದೇ ಅಚ್ಚಿನವು: ಕೊಆಲಾ ಉಳಿಸಿ, ಸಹಿ. ಆ ಪ್ರೀತಿ ನಿಜವಾದದ್ದು, ಕೌನ್ಸಿಲರುಗಳು ಸಂಖ್ಯೆಯನ್ನು ನೋಡುತ್ತಾರೆ ಕೂಡ. ಆದರೆ ನಕ್ಷೆಯ ಗೆರೆ ಕದಲಿಸುವುದು ಬೇರೆ ಥರದ ಪತ್ರ. ಒಮ್ಮೆ ಶಾಲಾ ಬಸ್ ಓಡಿಸಿ ನಿವೃತ್ತರಾದ ಒಬ್ಬರು, ಯಾವ ತಿಂಗಳು, ಯಾವ ತಿರುವಿನಲ್ಲಿ ಕೊಆಲಾ ರಸ್ತೆ ದಾಟುತ್ತಿತ್ತು ಎಂದು ವರ್ಷಗಟ್ಟಲೆ ಡೈರಿಯಲ್ಲಿ ಬರೆದಿಟ್ಟಿದ್ದನ್ನು ಕಳಿಸಿದರು. ನಾವು ಹಳ್ಳದ ಗುಂಟ ಎಳೆದಿದ್ದ ಓಡಾಟದ ಹಾದಿ ತಪ್ಪಾಗಿತ್ತು. ಅವು ಇಳಿಯುತ್ತಿದ್ದದ್ದು ಗುಡ್ಡದ ಆ ಬದಿಯಿಂದ. ಗೆರೆ ತಿದ್ದಿದೆವು. ಕೊಆಲಾ ಕಂಡರೆ ಫೋಟೊ ಹಾಕಿ ಸುಮ್ಮನಾಗಬೇಡಿ. ದಿನಾಂಕ, ಜಾಗದ ಸಮೇತ ರಾಜ್ಯದ ವನ್ಯಜೀವಿ ದಾಖಲೆಯಾದ ಬಯೋನೆಟ್‌ಗೆ ಸೇರಿಸಿ. ದಾಖಲೆಯಲ್ಲಿ ಇಲ್ಲದ ಕೊಆಲಾ ಕಡತದಲ್ಲೂ ಇರುವುದಿಲ್ಲ.

ವಿರೋಧಿಸುವವರನ್ನು ಪ್ರಾಣಿದ್ವೇಷಿಗಳು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಮಕಡೇಮಿಯ ತೋಟದವರು, ಹಸು ಕಟ್ಟಿದವರು ಇದ್ದಾರೆ. ನಕ್ಷೆಯಲ್ಲಿ ತಮ್ಮ ಜಮೀನಿಗೆ ಬಣ್ಣ ಬಳಿದದ್ದು ಕಂಡರೆ ಅವರಿಗೆ ಎದೆ ಧಸಕ್ಕೆನ್ನುತ್ತದೆ. 2020ರಲ್ಲಿ ಕೊಆಲಾ ನಿಯಮದ ಜಗಳಕ್ಕೆ ರಾಜ್ಯದ ಮೈತ್ರಿ ಸರ್ಕಾರವೇ ಅಲ್ಲಾಡಿತ್ತು. ನನ್ನ ಮೊದಲ ಸಭೆಯಲ್ಲಿ ನಾನು ನೇರ ನಕ್ಷೆ ತೂಗುಹಾಕಿದೆ. ಒಬ್ಬ ಹಿರಿಯ ರೈತ ಎದ್ದು, “ನಾಳೆ ನನ್ನ ಬೇಲಿ ಸರಿಮಾಡೋಕೂ ಅರ್ಜಿ ಹಾಕಬೇಕಾ?” ಎಂದರು. ನನ್ನ ಬಳಿ ಸ್ಪಷ್ಟ ಉತ್ತರವಿರಲಿಲ್ಲ, ಸಭೆ ಅಲ್ಲಿಗೇ ಕೈಬಿಟ್ಟು ಹೋಯಿತು. ಈಗ ನಕ್ಷೆಗೆ ಮುಂಚೆ ಮನೆಗಳಿಗೆ ಹೋಗುತ್ತೇನೆ. ಏನು ಮಾಡಬಹುದು, ಯಾವುದಕ್ಕೆ ಅನುಮತಿ ಬೇಕು ಎಂದು ಒಂದೇ ಹಾಳೆಯಲ್ಲಿ ಬರೆದು ಕೊಡುತ್ತೇನೆ. ಅವರ ಮರಗಳಡಿ ಅವರ ಜೊತೆಯಲ್ಲೇ ಹಿಕ್ಕೆ ಹುಡುಕುತ್ತೇನೆ. ತಮ್ಮ ತೋಟದಲ್ಲೇ ಕೊಆಲಾ ಇದೆ ಎಂದು ಗೊತ್ತಾದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ.

ಲಿಸ್ಮೋರ್ ಊರಿನ ‘ಫ್ರೆಂಡ್ಸ್ ಆಫ್ ದ ಕೊಆಲಾ’ ಎಂಬ ಸಂಸ್ಥೆ 1986ರಿಂದ ಸ್ವಯಂಸೇವಕರ ಬಲದಲ್ಲೇ ನಡೆದಿದೆ. ಗಾಯಗೊಂಡವುಗಳ ಆರೈಕೆಯ ಜೊತೆಗೆ ಮೇವಿನ ಮರಗಳ ಸಸಿಗಳನ್ನೂ ಬೆಳೆಸುತ್ತದೆ. ಸಸಿ ಕೊಆಲಾದ ಭಾರ ಹೊರುವಷ್ಟು ಬಲಿಯಲು ವರ್ಷಗಳೇ ಬೇಕು. ಆದ್ದರಿಂದ ನಿಂತಿರುವ ದೊಡ್ಡ ಮರದ ಬಗ್ಗೆ ಬರುವ ಪತ್ರವೇ ನನಗೆ ಹೆಚ್ಚು.

ಕ್ಯಾಂಪ್‌ಬೆಲ್‌ಟೌನ್ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರಿಗೆ ಒಂದು ವಿನಂತಿ. ಆಗಸ್ಟ್ ಹೊತ್ತಿಗೆ ಬೆದೆಗಾಲ ಶುರುವಾಗಿ ಕೊಆಲಾಗಳು ನೆಲಕ್ಕಿಳಿದು ಓಡಾಡುತ್ತವೆ. ರಾತ್ರಿ ನಾಯಿಯನ್ನು ಒಳಗೆ ಕಟ್ಟಿ, ಆಪಿನ್ ರಸ್ತೆಯಲ್ಲಿ ಗಾಡಿಯ ವೇಗ ಇಳಿಸಿ. ನಿಮ್ಮ ಬೀದಿಯ ಮರದಲ್ಲಿ ಒಂದು ಕಂಡರೆ, ಮರ ಯಾವ ಮನೆಯೆದುರು ಎಂಬುದನ್ನೂ ಸೇರಿಸಿ ಕೌನ್ಸಿಲ್‌ಗೆ ನಾಲ್ಕು ಸಾಲು ಬರೆಯಿರಿ.