ಗೂಟವೇ ಇಲ್ಲದ ಗೋಡೆ

ಅಪ್ಪನ ರಕ್ತದ ಗುಂಪು ಓ, ಅಮ್ಮನದೂ ಓ, ಮಗುವಿನದು ಎ. ಇಂಥ ವರದಿ ಕೈಗೆ ಬಂದರೆ ಎಷ್ಟೋ ಮನೆಗಳಲ್ಲಿ ಮೊದಲು ತಲೆಯೆತ್ತುವುದು ಅಮ್ಮನ ಮೇಲಿನ ಅನುಮಾನ. ಶಾಲೆಯಲ್ಲಿ ಉರುಹೊಡೆದ ಕೋಷ್ಟಕವೂ ಅನುಮಾನದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆ ಕೋಷ್ಟಕ ಒಂದೇ ಜೀನನ್ನು ಲೆಕ್ಕಕ್ಕೆ ಹಿಡಿದದ್ದು. ರಕ್ತದ ಗುಂಪಿಗೆ ಎರಡು ಬೇಕು.

ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಪುಟ್ಟ ಸರಪಳಿಗಳಿವೆ. 19ನೇ ವರ್ಣತಂತುವಿನಲ್ಲಿರುವ ಎಫ್‌ಯುಟಿ1 ಜೀನಿನ ಕಿಣ್ವ ಆ ಸರಪಳಿಯ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಅಂಟಿಸಿದರೆ ಎಚ್ ಪ್ರತಿಜನಕ, ಅಂದರೆ ದೇಹದ ರಕ್ಷಣಾ ಪಡೆ ಗುರುತು ಹಿಡಿಯುವ ಚಿಹ್ನೆ, ಸಿದ್ಧ. 9ನೇ ವರ್ಣತಂತುವಿನ ಎಬಿಓ ಜೀನಿಗೆ ಕೆಲಸ ಸಿಗುವುದು ಆಮೇಲೆ. ಅದರ ಎ ರೂಪ ಎಚ್ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಕೂರಿಸುತ್ತದೆ, ಬಿ ರೂಪ ಗ್ಯಾಲಕ್ಟೋಸ್ ಕೂರಿಸುತ್ತದೆ, ಓ ರೂಪ ಏನನ್ನೂ ಕೂರಿಸುವುದಿಲ್ಲ.

ಎಚ್ ಅಂದರೆ ಗೋಡೆಯ ಗೂಟ ಅಂದುಕೊಳ್ಳಿ. ಎ ಅಂಗಿ ನೇತುಹಾಕುತ್ತದೆ, ಬಿ ಟೋಪಿ ನೇತುಹಾಕುತ್ತದೆ. ಓ ಗುಂಪಿನವರದು ಬರೀ ಗೂಟ. ಎಫ್‌ಯುಟಿ1ರ ಎರಡೂ ಪ್ರತಿಗಳು ಕೆಟ್ಟಿದ್ದರೆ ಗೂಟವೇ ಇಲ್ಲ! ಎ ಜೀನ್ ಸರಿಯಾಗಿಯೇ ಇದೆ, ಕಿಣ್ವವೂ ತಯಾರಾಗುತ್ತಿದೆ, ಅಂಗಿ ಹಿಡಿದು ನಿಂತಿದೆ, ಹಾಕುವುದೆಲ್ಲಿಗೆ? ಸಾರಿಸದ ಅಂಗಳದಲ್ಲಿ ರಂಗೋಲಿ ನಿಲ್ಲದ ಹಾಗೆ ಎಂದೂ ಹೇಳಬಹುದು, ಆದರೆ ಗೂಟದ ಹೋಲಿಕೆಯೇ ವಾಸಿ. ಮಾಮೂಲಿ ಪರೀಕ್ಷೆ ನೋಡುವುದು ಅಂಗಿ-ಟೋಪಿಗಳನ್ನು ಮಾತ್ರ. ಎರಡೂ ಕಾಣದಿದ್ದರೆ ‘ಓ’ ಎಂದು ಬರೆದುಬಿಡುತ್ತದೆ.

ಮೊದಲಿನ ಮನೆಯ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಅಮ್ಮನಲ್ಲಿ ಎ ಜೀನ್ ಇತ್ತು, ಗೂಟ ಇರಲಿಲ್ಲ. ನಿಜವಾದ ಓ ಗುಂಪಿನ ಅಪ್ಪನಿಂದ ಮಗುವಿಗೆ ಗೂಟ ಬಂತು, ಅಮ್ಮನ ಅಂಗಿ ಅದಕ್ಕೆ ನೇತುಬಿತ್ತು.

ಗೂಟವಿಲ್ಲದ ಈ ರಕ್ತವನ್ನು 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಿಂದ ವರದಿ ಮಾಡಿದರು, ಅದಕ್ಕೇ ‘ಬಾಂಬೆ’ ರಕ್ತ ಎಂಬ ಹೆಸರು. ಒಂದು ಜೀನ್ ಇನ್ನೊಂದರ ಬಾಯಿ ಮುಚ್ಚಿಸುವ ಈ ಪರಿಗೆ ‘ಎಪಿಸ್ಟಾಸಿಸ್’ ಎಂಬ ಹೆಸರು ಅದಕ್ಕೂ ಹಳೆಯದು. ಅದು ಇಂಗ್ಲೆಂಡಿನ ತಳಿವಿಜ್ಞಾನಿ ವಿಲಿಯಂ ಬೇಟ್ಸನ್ ಕೊಟ್ಟದ್ದು. ಬೇಟ್ಸನ್ ಮತ್ತು ಸಂಗಡಿಗ ಪನೆಟ್ ಸ್ವೀಟ್ ಪೀ ಎಂಬ ಹೂಗಿಡದ ಎರಡು ಬಿಳಿ ಹೂವಿನ ತಳಿಗಳನ್ನು ಕೂಡಿಸಿದಾಗ ಹುಟ್ಟಿದ್ದೆಲ್ಲ ನೇರಳೆ! ಮುಂದಿನ ಪೀಳಿಗೆಯಲ್ಲಿ 16ಕ್ಕೆ 9 ಬಣ್ಣದವು, 7 ಬಿಳಿ. ಬಣ್ಣಕ್ಕೆ ಎರಡು ಜೀನ್ ಬೇಕಿತ್ತು. ಪ್ರತಿ ತಳಿಯಲ್ಲೂ ಒಂದೊಂದು ಕೆಟ್ಟಿತ್ತು.

ರಕ್ತದಲ್ಲಿ ಲೆಕ್ಕ ಬೇರೆ. ಅಪ್ಪ ಅಮ್ಮ ಇಬ್ಬರೂ ಎಬಿ, ಇಬ್ಬರಲ್ಲೂ ಎಫ್‌ಯುಟಿ1ರ ಒಂದು ಪ್ರತಿ ಕೆಟ್ಟಿದೆ ಎನ್ನಿ. 16 ಪಾಲಿನಲ್ಲಿ 3 ಎ, 6 ಎಬಿ, 3 ಬಿ, ಉಳಿದ 4 ಓ ಥರ ಕಾಣುವ ಬಾಂಬೆ. ಎಬಿ ದಂಪತಿಗೆ ‘ಓ’ ಮಗು!

ಅಪಾಯ ಇರುವುದು ಬ್ಲಡ್ ಬ್ಯಾಂಕಿನಲ್ಲಿ. ಗೂಟವನ್ನೇ ಕಾಣದ ದೇಹಕ್ಕೆ ಎಚ್ ಕೂಡ ಪರಕೀಯ, ಹಾಗಾಗಿ ಪ್ಲಾಸ್ಮಾದಲ್ಲಿ ಎಚ್-ವಿರೋಧಿ ಪ್ರತಿಕಾಯಗಳಿರುತ್ತವೆ, ಅವು 37 ಡಿಗ್ರಿಯಲ್ಲೂ ಚುರುಕು. ಓ ರಕ್ತದಲ್ಲಿ ಎಚ್ ಎಲ್ಲಕ್ಕಿಂತ ಹೆಚ್ಚು. ‘ಸರ್ವದಾನಿ’ ಎಂದು ನಂಬಿ ಅದನ್ನು ಏರಿಸಿದರೆ ಕಣಗಳು ರಕ್ತನಾಳದಲ್ಲೇ ಒಡೆದು, ಮೂತ್ರ ಕೆಂಪಾಗಿ, ಮೂತ್ರಪಿಂಡ ಕೈಕೊಡಬಹುದು. ಪತ್ತೆ ಕಷ್ಟವೇನಲ್ಲ: ರೋಗಿಯ ಪ್ಲಾಸ್ಮಾವನ್ನು ಮೂರು ನಳಿಕೆಗಳಿಗೆ ಹಾಕಿ, ಒಂದಕ್ಕೆ ಎ ಕಣ, ಇನ್ನೊಂದಕ್ಕೆ ಬಿ ಕಣ, ಮೂರನೆಯದಕ್ಕೆ ಓ ಕಣ ಸೇರಿಸಿ ನೋಡಬೇಕು. ನಿಜವಾದ ಓ ಆದರೆ ಓ ಕಣ ಗಂಟುಕಟ್ಟುವುದಿಲ್ಲ, ಬಾಂಬೆಯಾದರೆ ಜೋರಾಗಿ ಕಟ್ಟುತ್ತದೆ. ಈ ಮೂರನೆಯ ನಳಿಕೆ ಬಿಟ್ಟಾಗಲೇ ತಪ್ಪು ನುಸುಳುವುದು. ಖಾತ್ರಿಗೆ ಯುಲೆಕ್ಸ್ ಯುರೋಪಿಯಸ್ ಗಿಡದ ಬೀಜದ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್) ಇದೆ. ಅದು ಎಚ್ ಇದ್ದರೆ ಮಾತ್ರ ಗಂಟುಕಟ್ಟಿಸುತ್ತದೆ.

‘ಒಂದೇ ಗುಂಪಿನವರು ಮದುವೆಯಾಗಬಾರದು’ ಎಂದು ಹೆದರಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದಕ್ಕೆ ಬುಡವಿಲ್ಲ. ಸೋದರಮಾವನಿಗೆ ಕೊಡುವಾಗ ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಜನರಲ್ಲಿರುವ ಎಫ್‌ಯುಟಿ1 ಪ್ರತಿಗಳ ಪೈಕಿ 100ಕ್ಕೆ 1 ಕೆಟ್ಟದ್ದು ಎಂದಿಟ್ಟುಕೊಂಡರೆ, ಸಂಬಂಧವಿಲ್ಲದ ಜೋಡಿಗೆ ಬಾಂಬೆ ಮಗು ಹುಟ್ಟುವ ಸಾಧ್ಯತೆ 10,000ಕ್ಕೆ 1. ಸೋದರಮಾವ-ಅಕ್ಕನ ಮಗಳ ಜೋಡಿಗೆ 10,000ಕ್ಕೆ ಸುಮಾರು 13. ಬಾಂಬೆ ಎಂದು ಗೊತ್ತಾದವರಿಗೆ ರಕ್ತ ಬೇಕಾದಾಗ ಊರೆಲ್ಲ ಸಂದೇಶ ಕಳಿಸುವುದಕ್ಕೆ ಮುಂಚೆ ಒಡಹುಟ್ಟಿದವರನ್ನು ಪರೀಕ್ಷಿಸಿ. ಅವರೂ ಬಾಂಬೆ ಆಗಿರುವ ಸಾಧ್ಯತೆ ತಲಾ 4ರಲ್ಲಿ 1. ಊರಿನಲ್ಲಿ ಅದು 10,000ದಲ್ಲಿ 1ರ ಆಸುಪಾಸು.